ಜಡೆಪ್ಪ ಇಂಗ್ಲಿಷಿನಲ್ಲಿ ಕಂಪ್ಲಿಗೆ ಹೋದದ್ದು

ಹಂಪಮ್ಮ: ನೀವು ಯಾವಾಗ ರಾಬರ್ಟ್ ಆದ್ರಿ, ಮೊದಲು ಅದನ್ನ ಹೇಳ್ರಿ!

ಜಡೆಪ್ಪ: ಲೇ, ನಾ ಎಲ್ಲಿ ಆದೆ? ಬುಕ್ಕಿನಾಗ ಹಂಗ ಐತಿ. ‘ಮೈ ನೇಮ್ ಈಸ್ ರಾಬರ್ಟ್. ಐ ಯಾಮ್ ಫ್ರಮ್ ಲಂಡನ್.’ ಅಚ್ಚಾಗಿರೋದನ್ನ ತಿದ್ದಾಕ ನಾ ಯಾರು?

ಹಂಪಮ್ಮ: ನಾಳೆ ಆ ಮೇಡಂ ಮುಂದ ಹಿಂಗಂದ್ರ ಆಧಾರ್ ಕಾರ್ಡ್ ಕೇಳ್ತಾರ. ಅದರಾಗ ಮಲಪನಗುಡಿ ಅಂತೈತಿ. ಫೋಟೋ ನೋಡಿದ್ರ ಲಂಡನ್ನಿನವ್ರು ಕೇಸ್ ಹಾಕ್ತಾರ.

ಜಡೆಪ್ಪ: ಫೋಟೋ ಸುದ್ದಿ ಬ್ಯಾಡ. ಆಧಾರ್ ಫೋಟೋ ಯಾರದು ಚಲೋ ಬಂದೈತಿ? ನಿಂದರಾಗ ನಿಮ್ಮಪ್ಪ ಸೀರಿ ಉಟ್ಕೊಂಡು ಕುಂತಂಗ ಐತಿ.

ಮಲಪನಗುಡಿಯ ಆಟೋ ಜಡೆಪ್ಪನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುವ ಗ್ರಹಚಾರ ವಕ್ಕರಿಸಿತ್ತು. ಕಮಲಾಪುರದ ದಾರಿಯಲ್ಲಿ ಹೊಸದೊಂದು ರೆಸಾರ್ಟು ಎದ್ದಿತ್ತು. ಹಂಪಿ ನೋಡಲು ಬರುವ ವಿದೇಶಿಯರನ್ನು ಸುತ್ತಾಡಿಸಲು ಅವರಿಗೆ ಕಾಯಂ ಆಟೋ ಒಂದು ಬೇಕಿತ್ತು, ಡ್ರೈವರಿಗೆ ಇಂಗ್ಲಿಷ್ ಬರಬೇಕಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ತ್ರಿವೇಣಿ ಮೇಡಂ ಮೂರೇ ವಿಷಯ ಕೇಳುತ್ತಾರೆ, ನೀನು ಯಾರು, ನೀನು ಪ್ರಾಮಾಣಿಕನೇ, ಎಲ್ಲೆಲ್ಲಿಗೆ ಹೋಗಿಬಂದಿದ್ದೀ ಎಂದು ಅಲ್ಲಿಯ ವಾಚ್‌ಮನ್ ಸುದ್ದಿ ಮುಟ್ಟಿಸಿದ್ದ. ಕೆಲಸ ಸಿಕ್ಕರೆ ಹೊಸಪೇಟೆ ಬಸ್‌ಸ್ಟ್ಯಾಂಡಿನ ಮುಂದೆ ಬಿಸಿಲಲ್ಲಿ ಸರದಿ ಕಾಯುವುದು ಜನ್ಮಕ್ಕೇ ತಪ್ಪುತ್ತಿತ್ತು. ಸಿಗದಿದ್ದರೆ ಅದೇ ಸರದಿ, ಅದೇ ಬಿಸಿಲು, ಅದೇ ಸೊಂಟನೋವು.

ಹಾಗಾಗಿ ಸಂಜೆಯ ಚಹಾ ಮುಗಿಸಿ ಗಂಡಹೆಂಡಿರಿಬ್ಬರೂ ಇಂಗ್ಲಿಷ್ ಕಲಿಸುವ ಪುಸ್ತಕವೊಂದನ್ನು ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಹಂಪಮ್ಮ ಎಸ್ಸೆಸ್ಸೆಲ್ಸಿ ಪಾಸು, ಇಂಗ್ಲಿಷಿನಲ್ಲಿ ಅರವತ್ತೆಂಟು. ಮದುವೆಯಾದ ಲಾಗಾಯ್ತು ಈ ಅರವತ್ತೆಂಟನ್ನು ಕೇಳಿ ಕೇಳಿ ಜಡೆಪ್ಪನ ಕಿವಿ ಸವೆದಿತ್ತು. ಆತನೋ, ಏಳನೆಯ ಇಯತ್ತೆಯನ್ನು ಎರಡು ಸಲ ನೋಡಿ, ಕೈಮುಗಿದು ಹೊರಗೆ ಬಂದವನು.

ಹಂಪಮ್ಮ: ಈಗ ನಾನ ಮೇಡಂ. ನೀವು ಬಾಗಿಲಾಗ ನಿಂತೀರಿ. ಗುಡ್ ಮಾರ್ನಿಂಗ್, ಮಿಸ್ಟರ್... ಮಿಸ್ಟರ್...

ಜಡೆಪ್ಪ: ಮಿಸ್ಟರ್ ಯಾರು?

ಹಂಪಮ್ಮ: ಮಿಸ್ಟರ್ ಇವರು.

ಜಡೆಪ್ಪ: ‘ಇವರು’ ಅಂತ ಕರೀತಾರೇನ ಮೇಡಂ? ಹೆಸರು ಹಿಡಿದು ಕರಿ.

ಹಂಪಮ್ಮ: ಗಂಡನ ಹೆಸರು ಹೆಂಗ ಹಿಡೀಲಿ? ಮದುವ್ಯಾಗ ಒಡಪು ಹಾಕಿ ಒಮ್ಮೆ ಹೇಳೀನಿ, ಸಾಕು.

ಜಡೆಪ್ಪ: ಲೇ, ಕನ್ನಡದಾಗ ಹಿಡೀಬಾರದು. ಇಂಗ್ಲಿಷ್‌ನಾಗ ಯಾರು ಬ್ಯಾಡ ಅಂದಾರ?

ಹಂಪಮ್ಮ ಯೋಚಿಸಿದಳು. ಒಳಗೆ ದೇವರ ಜಗಲಿಯ ಕಡೆ ಒಮ್ಮೆ, ಬೀದಿಯ ಕಡೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿಕೊಂಡು ಅಂದೇಬಿಟ್ಟಳು.

ಹಂಪಮ್ಮ: ಮಿಸ್ಟರ್ ಜಡೆಪ್ಪ!

ಸಿಡಿಲೇನೂ ಬೀಳಲಿಲ್ಲ. ಆಕೆಗೆ ಭಾರೀ ರುಚಿ ಹತ್ತಿತು. ಮಿಸ್ಟರ್ ಜಡೆಪ್ಪ, ಕಮ್. ಮಿಸ್ಟರ್ ಜಡೆಪ್ಪ, ಸಿಟ್. ಮಿಸ್ಟರ್ ಜಡೆಪ್ಪ, ಹ್ಯಾಂಡ್ ಡೌನ್. ಮಿಸ್ಟರ್ ಜಡೆಪ್ಪನಿಗೆ ತನ್ನ ಹಳೆಯ ಮಾಸ್ತರರೇ ಸೀರೆ ಉಟ್ಟು ಬಂದಂತಾಯಿತು.

ಹಂಪಮ್ಮ: ಹೂ ಆರ್ ಯು?

ಜಡೆಪ್ಪ: ಐ ಯಾಮ್... ಐ ಯಾಮ್ ಹಂಪಮ್ಮ ಹಸ್ಬೆಂಡ್.

ಹಂಪಮ್ಮ: ಅಯ್ಯ, ಅದೇನ್ರಿ! ಡ್ರೈವರ್ ಅನ್ರಿ.

ಜಡೆಪ್ಪ: ಡ್ರೈವರ್ ಅಂದ್ರ ಊರಾಗ ಮೂವತ್ತು ಮಂದಿ ಅದಾರ. ಹಂಪಮ್ಮನ ಗಂಡ ನಾ ಒಬ್ಬನ.

ಮೇಡಂ ಪಾತ್ರದಲ್ಲಿದ್ದರೂ ಹಂಪಮ್ಮನಿಗೆ ನಾಚಿಕೆಯಾಯಿತು. ಅದನ್ನು ತೋರಿಸಿಕೊಳ್ಳದೆ ಪುಸ್ತಕದ ಹಾಳೆ ತಿರುವಿದಳು.

ಹಂಪಮ್ಮ: ಆರ್ ಯು ಹಾನೆಸ್ಟ್? ಅಂದ್ರ, ನೀವು ಪ್ರಾಮಾಣಿಕ ಏನು, ಸುಳ್ಳು ಹೇಳಂಗಿಲ್ಲೇನು ಅಂತ.

ಜಡೆಪ್ಪ: ಯೆಸ್. ವೆರಿ ಹಾನೆಸ್ಟ್. ಫುಲ್ ಹಾನೆಸ್ಟ್. ಟಾಪ್ ಹಾನೆಸ್ಟ್!

ಹಂಪಮ್ಮ: ಅಷ್ಟು ಬ್ಯಾಡ್ರಿ. ಒಮ್ಮೆ ಅಂದ್ರ ನಂಬ್ತಾರ. ಮೂರು ಸಲ ಅಂದ್ರ ಗಾಡಿ ಕಾಗದ ತೆಗಿ ಅಂತಾರ. ನನ್ನ ನೋಡ್ರಿ, ಸೋಮವಾರಕ್ಕೊಮ್ಮೆ ಜಂಬುನಾಥನ ಗುಡ್ಡ ಹತ್ತಿ ಬರ್ತೀನಿ. ಸುಳ್ಳು ಅಂದ್ರ ನನಗ ಮೈಯಾಗ ಮುಳ್ಳು ಎದ್ದಂಗ ಆಗತೈತಿ. ಆದ್ರ ನಾ ಹೇಳ್ಕೊಂಡು ತಿರುಗ್ತೀನೇನು?

ಜಡೆಪ್ಪ: ಈಗ ಹೇಳಿದ್ಯಲ್ಲ.

ಹಂಪಮ್ಮ: ಬಾಯಿ ಮುಚ್ರಿ. ಮೂರನೇದು ಪ್ರವಾಸ. ವೇರ್ ಡಿಡ್ ಯು ಗೋ ಯೆಸ್ಟರ್ಡೇ?

ನಿನ್ನೆ ಎಲ್ಲಿಗೆ ಹೋಗಿದ್ದೆ ಎಂಬುದು ಒಂಬತ್ತನೆಯ ಪಾಠದ ಪ್ರಶ್ನೆ. ಆಕೆಯೇನೂ ಮನಸ್ಸಿನಲ್ಲಿಟ್ಟು ಕೇಳಿದ್ದಲ್ಲ. ಜಡೆಪ್ಪ ಮಾತ್ರ ಮೈಯೆಲ್ಲ ಬೆವರಿ, ಮೊದಲು ‘ಐ’ ಹುಡುಕಿ, ಅದರ ಬೆನ್ನಿಗೆ ‘ಗೋ’ ಕಟ್ಟಿ, ‘ಯೆಸ್ಟರ್ಡೇ’ಯನ್ನು ಹೇಗೋ ತಳ್ಳಿ ಕೂರಿಸಿ, ಕೊನೆಗೆ ಊರಿನ ಹೆಸರು ಬಿಟ್ಟ. ಇಷ್ಟು ಕೆಲಸದ ನಡುವೆ ಸುಳ್ಳು ಹುಡುಕಲು ಆತನ ತಲೆಯಲ್ಲಿ ಜಾಗವಿರಲಿಲ್ಲ.

ಜಡೆಪ್ಪ: ಐ ಗೋ ಯೆಸ್ಟರ್ಡೇ ಕಂಪ್ಲಿ!

ಹಂಪಮ್ಮ: ಎಲ್ಲಿಗೆ?

ಜಡೆಪ್ಪ: ಕಂಪ್ಲಿ! ಬುಕ್ ನೋಡದ ಹೇಳಿದೆ ನೋಡು! ಪೂರಾ ನಂದ, ಸ್ವಂತದ್ದು!

ಹಂಪಮ್ಮ: ನಿನ್ನೆ ಸಂಡೂರು ಅಂದಿದ್ರಿ.

ಜಡೆಪ್ಪ ತೊಡೆ ತಟ್ಟಲು ಎತ್ತಿದ್ದ ಕೈ ಹಾಗೇ ನಿಂತಿತು.

ಕಂಪ್ಲಿ ಎಂಬ ಹೆಸರು ಈ ಮನೆಯಲ್ಲಿ ಕೇಳಿ ಎರಡು ವರ್ಷವಾಗಿತ್ತು. ಅಲ್ಲಿ ಇರುವವಳು ಹಂಪಮ್ಮನ ಒಡಹುಟ್ಟಿದ ತಂಗಿ ಚೆನ್ನಬಸಮ್ಮ. ಆಕೆಯ ಮನೆ ಗೃಹಪ್ರವೇಶಕ್ಕೆ ಹಂಪಮ್ಮ ಮುನ್ನೂರು ಹೋಳಿಗೆ ತಟ್ಟಿ ಬೇಯಿಸಿದಾಗ, ತಂಗಿ ಬೀಗರ ಮುಂದೆ ನಗುತ್ತಾ ‘ನಮ್ಮಕ್ಕನ ಹೋಳಿಗಿ ಚಲೋನ ಇರ್ತಾವ, ಚೂರು ದಪ್ಪ’ ಅಂದಿದ್ದಳು. ಹಂಪಮ್ಮ ಅಂದೇ ಹೊರಟುಬಂದು, ನಡುಬೀದಿಯಲ್ಲಿ ನಿಂತು ಶಪಥ ಮಾಡಿದ್ದಳು: ‘ಇನ್ನ ನಾ ಕಂಪ್ಲಿ ಕಡೆ ಮುಖ ಹಾಕಿದ್ರ ನನ್ನ ಹೆಸರು ಹಂಪಮ್ಮನ ಅಲ್ಲ!’ ಗಂಡನೂ ಆ ಕಡೆ ಹಾಯುವಂತಿಲ್ಲ ಎಂದು ಅಪ್ಪಣೆಯಾಗಿತ್ತು.

ಜಡೆಪ್ಪ: ಅದು... ಕನ್ನಡದಾಗ ಸಂಡೂರು.

ಹಂಪಮ್ಮ: ಕನ್ನಡದಾಗ ಸಂಡೂರು, ಇಂಗ್ಲಿಷ್‌ನಾಗ ಕಂಪ್ಲಿ! ಭಾಷಾ ಬದಲಾದ್ರ ಊರೂ ಬದಲಾಗ್ತಾವೇನ್ರಿ?

ಜಡೆಪ್ಪ: ಕನ್ನಡದಾಗ ಕೇಳು, ಎಲ್ಲಾ ಬಿಡಿಸಿ ಹೇಳ್ತೀನಿ.

ಹಂಪಮ್ಮ: ಬ್ಯಾಡ! ಕನ್ನಡದಾಗ ನೀವು ಭಾಳ ಚಲೋ ಮಾತಾಡ್ತೀರಿ. ಇಂಗ್ಲಿಷ್‌ನಾಗ ಹೇಳ್ರಿ. ಆಟೋ ಗಾಲಿಗೆ ಕೆಂಪು ಧೂಳು ಹತ್ತಿತ್ತಲ್ಲ, ಸಂಡೂರಿನ ಗಣಿ ಧೂಳು ಅಂತ ನಾ ಎರಡು ಕೊಡ ನೀರು ಹಾಕಿ ತೊಳದೆ. ಹೂ ಪುಟ್?

ಕನ್ನಡದಲ್ಲಾಗಿದ್ದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದಿರಿನ ಲಾರಿ, ಎದುರುಗಾಳಿ, ಪಕ್ಕದ ಟಿಪ್ಪರು, ಏನು ಬೇಕಾದರೂ ಹೇಳಿಬಿಡುತ್ತಿದ್ದ. ಇಂಗ್ಲಿಷಿನಲ್ಲಿ ಅವನ ಹತ್ತಿರ ಇದ್ದದ್ದು ಎರಡೇ ಶಬ್ದ.

ಜಡೆಪ್ಪ: ಐ ಪುಟ್.

ಹಂಪಮ್ಮ: ಏನಂದ್ರಿ? ವೇರ್ ಫ್ರಮ್?

ಜಡೆಪ್ಪ: ಗಾದಿಗನೂರು. ರೋಡ್ ಸೈಡ್. ಒನ್ ಬ್ಯಾಗ್.

ಹಂಪಮ್ಮ: ಕೆಂಪು ಮಣ್ಣು ಚೀಲ ತುಂಬ್ಕೊಂಡು ಬಂದು ಗಾಲಿಗೆ ಬಳಿದ್ರಾ! ಅಯ್ಯೋ ಶಿವನ! ಆಯುಧ ಪೂಜೆಗೆ ಗಾಡಿ ತೊಳೀರಿ ಅಂದ್ರ ಸೊಂಟ ನೋವು. ಸುಳ್ಳಿಗೆ ಮಣ್ಣು ಹೊರಾಕ ಸೊಂಟ ಗಟ್ಟಿ ಇತ್ತಲ್ಲ! ಅಲ್ಲಿ ಏನು ತಿಂದ್ರಿ? ವಾಟ್ ಈಟ್?

ಜಡೆಪ್ಪ: ಹೋಳಿಗಿ.

ಹಂಪಮ್ಮ: ಹೌ ಮೆನಿ?

ಜಡೆಪ್ಪ: ಫೋರ್.

ಹಂಪಮ್ಮ ಎದ್ದು ನಿಂತಳು. ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ಗಂಡನ ಮೂಗಿನ ಮುಂದೆ ಹಿಡಿದು, ಆಮೇಲೆ ಎರಡನ್ನೂ ಹತ್ತಿರ ತಂದು ತೋರಿಸಿದಳು.

ಹಂಪಮ್ಮ: ಥಿಕ್? ಆರ್ ಥಿನ್?

ಜಡೆಪ್ಪ: ಲೇ, ಇದು ಮೇಡಂ ಕೇಳಂಗಿಲ್ಲ.

ಹಂಪಮ್ಮ: ನಾ ಕೇಳ್ತೀನಿ!

ಜಡೆಪ್ಪ: ...ಥಿನ್.

ಹಂಪಮ್ಮ: ಹೆಂಗಿದ್ವು?

ಜಡೆಪ್ಪ: ವೆರಿ...

ಇಲ್ಲಿಗೇ ನಿಲ್ಲಿಸಬೇಕೆಂದು ಆತ ಹಲ್ಲು ಕಚ್ಚಿದ. ಆದರೆ ‘ವೆರಿ’ಯ ಮುಂದೆ ಅವನಿಗೆ ಗೊತ್ತಿದ್ದದ್ದು ‘ಗುಡ್’ ಒಂದೇ. ‘ಬ್ಯಾಡ್’ ಇದ್ದದ್ದು ಹನ್ನೆರಡನೆಯ ಪಾಠದಲ್ಲಿ, ಆತ ಇನ್ನೂ ಒಂಬತ್ತರಲ್ಲಿದ್ದ.

ಜಡೆಪ್ಪ: ...ಗುಡ್.

ಹಂಪಮ್ಮ ಪುಸ್ತಕವನ್ನು ಕಟ್ಟೆಯ ಮೇಲೆ ಕುಕ್ಕಿದಳು. ಈಗ ಆಕೆ ಒಳಗೆ ಹೋಗಿ ಮಲಗಿಬಿಟ್ಟರೆ ನಾಳಿನ ಇಂಟರ್‌ವ್ಯೂ ಮಣ್ಣುಪಾಲು, ಅದೂ ಗಾದಿಗನೂರಿನ ಕೆಂಪು ಮಣ್ಣು.

ಜಡೆಪ್ಪ: ವೇಟ್, ವೇಟ್! ಫುಲ್ ಮೀಲ್ಸ್. ಓನ್ಲಿ ಹೋಳಿಗಿ ನೋ. ರೈಸ್. ಸಾರು. ಕವಳಿಕಾಯಿ ಪಿಕಲ್...

ಹಂಪಮ್ಮ: ಅದು ಬಿಡ್ರಿ!

ಜಡೆಪ್ಪ: ಯಾಕ? ಕೇಳಿದಿ, ಹೇಳಾಕತ್ತೀನಿ.

ಹಂಪಮ್ಮ: ಉಪ್ಪಿನಕಾಯಿ ಸುದ್ದಿ ಈಗ ಯಾಕ? ವೈ? ಯಾಕ ಹೋಗಿದ್ರಿ, ಅದನ್ನ ಹೇಳ್ರಿ. ವೈ ಯು ಗೋ?

ಜಡೆಪ್ಪ ತಲೆ ಕೆರೆದುಕೊಂಡ. ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಒಂದೊಂದೇ ಶಬ್ದ ಎತ್ತಿ ಇಟ್ಟ.

ಜಡೆಪ್ಪ: ಉಗಾದಿ ಡೇ, ಯು ಕ್ರೈ. ಕಿಚನ್‌ನಾಗ ಕ್ರೈ. ತಂಗಿ ನೋ, ಹಬ್ಬ ನೋ. ಐ ಸೀ. ಐ ಸ್ಯಾಡ್. ಸೋ ಐ ಗೋ. ಐ ಟೆಲ್ ಚೆನ್ನಬಸಮ್ಮ, ಪ್ಲೀಸ್ ಟಾಕ್ ಅಕ್ಕ.

ಹಂಪಮ್ಮನ ಮುಖ ಸಣ್ಣದಾಯಿತು.

ಹಂಪಮ್ಮ: ಅದಕ್ಕ ಆಕಿ ಏನಂದ್ಲು?

ಜಡೆಪ್ಪ: ಶಿ ಲಾಫ್. ಫುಲ್ ಲಾಫ್. ನಾ ಸೀರಿಯಸ್ ಮಾತಾಡಿದ್ರ ಯಾಕ ನಗ್ತಾಳೋ! ನಕ್ಕು ನಕ್ಕು ಹೋಳಿಗಿ ಬಡಿಸಿದ್ಲು.

ಹಂಪಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷದಲ್ಲಿ ಗಂಡ ಕನ್ನಡದಲ್ಲಿ ಇಂಥ ಮಾತು ಒಂದೂ ಆಡಿರಲಿಲ್ಲ. ನಾಳೆ ಹೇಗೋ ಏನೋ, ಹೊತ್ತಿಗೆ ಮಲಗ್ರಿ ಅಂದು ಒಳಗೆ ಹೋದಳು. ಇಷ್ಟು ಸುಲಭಕ್ಕೆ ಬಿಟ್ಟಳಲ್ಲ ಎಂದು ಜಡೆಪ್ಪನಿಗೇ ನಂಬಿಕೆ ಬರಲಿಲ್ಲ.

ಮರುದಿನ ಹತ್ತು ಗಂಟೆಗೆ ರೆಸಾರ್ಟಿನ ತಣ್ಣನೆಯ ಕೋಣೆಯಲ್ಲಿ ತ್ರಿವೇಣಿ ಮೇಡಂ ಪೆನ್ನು ಹಿಡಿದು ಕುಳಿತಿದ್ದರು. ಜಡೆಪ್ಪ ಅರ್ಧ ಕುರ್ಚಿಯಲ್ಲಿ ಕುಳಿತ. ಉಳಿದರ್ಧ ಕೆಲಸ ಸಿಕ್ಕ ಮೇಲೆ ಎಂಬ ಲೆಕ್ಕ.

ತ್ರಿವೇಣಿ: ಹೂ ಆರ್ ಯು?

ಜಡೆಪ್ಪ: ಐ ಯಾಮ್ ಹಂಪಮ್ಮ ಹಸ್ಬೆಂಡ್.

ತ್ರಿವೇಣಿ: ಓಕೆ... ಆರ್ ಯು ಹಾನೆಸ್ಟ್?

ಟಾಪ್ ಹಾನೆಸ್ಟ್ ಎನ್ನಲು ಬಾಯಿ ತೆರೆದವನಿಗೆ ನಿನ್ನೆಯ ಸಂಜೆ ನೆನಪಾಯಿತು.

ಜಡೆಪ್ಪ: ಇಂಗ್ಲಿಷ್, ಯೆಸ್ ಮೇಡಂ. ಕನ್ನಡ... ಲಿಟಲ್ ಪ್ರಾಬ್ಲಂ.

ತ್ರಿವೇಣಿ: ಹಂಗಂದ್ರ?

ಜಡೆಪ್ಪ: ಕನ್ನಡ ಕಮ್, ಸುಳ್ಳು ಕಮ್. ಇಂಗ್ಲಿಷ್ ನೋ ಕಮ್, ಸುಳ್ಳು ನೋ ಕಮ್.

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. ನಗು ನಿಲ್ಲಲು ಒಂದು ಲೋಟ ನೀರು ಬೇಕಾಯಿತು.

ತ್ರಿವೇಣಿ: ನೋಡ್ರಿ ಜಡೆಪ್ಪನವ್ರ, ನಿಮಗಿಂತ ಮೊದಲು ಇದ್ದಾವ ಇಂಗ್ಲಿಷ್ ಮಸ್ತ್ ಮಾತಾಡ್ತಿದ್ದ. ‘ಇವತ್ತು ವಿಠ್ಠಲ ಗುಡಿಗೆ ರಜಾ’ ಅಂತ ಹೇಳಿ ಗೆಸ್ಟ್‌ಗಳನ್ನ ತನ್ನ ಭಾವನ ಶಾಲಿನ ಅಂಗಡಿಗೆ ಕರ್ಕೊಂಡು ಹೋಗ್ತಿದ್ದ. ನಿಮಗ ಅಷ್ಟು ಇಂಗ್ಲಿಷ್ ಬರಂಗಿಲ್ಲ. ನಾಳೆಯಿಂದ ಬರ್ರಿ. ಒಂದ ಷರತ್ತು.

ಜಡೆಪ್ಪ: ಏನ್ರಿ ಮೇಡಂ?

ತ್ರಿವೇಣಿ: ಇನ್ನ ಮ್ಯಾಲೆ ಹೆಚ್ಚಿಗಿ ಇಂಗ್ಲಿಷ್ ಕಲೀಬ್ಯಾಡ್ರಿ.

ಜಡೆಪ್ಪ ಮಲಪನಗುಡಿಯವರೆಗೂ ಹಾರನ್ ಹೊಡೆಯುತ್ತಲೇ ಬಂದ. ಮಧ್ಯಾಹ್ನ ಹಂಪಮ್ಮ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು ಬಡಿಸಿ, ತಟ್ಟೆಯ ಅಂಚಿಗೆ ಉಪ್ಪಿನಕಾಯಿ ಹಾಕಿದಳು. ಆತ ಒಂದು ಹೋಳು ಬಾಯಿಗಿಟ್ಟು ನಿಧಾನವಾಗಿ ಜಗಿದ. ಮತ್ತೊಮ್ಮೆ ಜಗಿದ. ಊಟ ನಿಂತಿತು.

ಜಡೆಪ್ಪ: ಲೇ, ಇದು ಕವಳಿಕಾಯಿದು.

ಹಂಪಮ್ಮ: ಹೌದು. ಈ ವರ್ಷ ಹಾಕಿದ್ದು.

ಜಡೆಪ್ಪ: ಕಂಪ್ಲ್ಯಾಗ ತಿಂದದ್ದೂ ಇದ! ಇದ ಮೆಂತ್ಯ, ಇದ ಇಂಗು! ತಡಿ, ತಡಿ... ಆಕಿ ಬಡಿಸಿದ್ದು ಸ್ಟೀಲ್ ಡಬ್ಬಿಯಿಂದ. ಅದರ ಮ್ಯಾಲೆ ‘ಹಂಪಮ್ಮ, ಮಲಪನಗುಡಿ’ ಅಂತ ಕೊರೆದಿತ್ತು! ಹೋಳಿಗಿ ಬರಾಕತ್ತಿದ್ವು ಅಂತ ನಾ ಆ ಕಡೆ ಲಕ್ಷ್ಯ ಕೊಡಲಿಲ್ಲ.

ಹಂಪಮ್ಮ: ಸಾರು ಹಾಕ್ಲೇನು?

ಜಡೆಪ್ಪ: ಸಾರು ಇರ್ಲಿ! ಅದಕ್ಕ ನಕ್ಕಳಾ ಆಕಿ! ನಿನ್ನ ಡಬ್ಬಿ ಅಲ್ಲಿಗೆ ಹೆಂಗ ಹೋತು? ಹೂ ಪುಟ್? ಇಂಗ್ಲಿಷ್‌ನಾಗ ಹೇಳ್ಬೇಕು! ಜಂಬುನಾಥನ ಗುಡ್ಡ ಅಂತ ಹೇಳಿ ಎವ್ರಿ ಸೋಮವಾರ, ವೇರ್ ಯು ಗೋ?

ಹಂಪಮ್ಮ ಸೌಟು ಕೆಳಗಿಟ್ಟಳು. ಗಂಟಲು ಸರಿಮಾಡಿಕೊಂಡಳು. ಆಮೇಲೆ ತುಂಗಭದ್ರಾ ಡ್ಯಾಮಿನ ಗೇಟು ಎತ್ತಿದ ಹಾಗೆ ಇಂಗ್ಲಿಷ್ ಶುರುವಾಯಿತು. ನಡುವೆ ಉಸಿರಿಲ್ಲ, ತಡವರಿಕೆಯಿಲ್ಲ. ಜಡೆಪ್ಪನಿಗೆ ತಿಳಿದದ್ದು ‘ಮಂಡೇ’, ‘ಟೆಂಪಲ್’, ‘ಪಿಕಲ್’ ಮೂರೇ.

ಜಡೆಪ್ಪ: ಇದೆಲ್ಲ ಖರೇನೋ ಸುಳ್ಳೋ?

ಹಂಪಮ್ಮ: ನಂದು ಇಂಗ್ಲಿಷ್‌ನಾಗ ಅರವತ್ತೆಂಟು ರೀ. ಸುಳ್ಳು ಹೇಳೋ ಅಷ್ಟು ಬರತೈತಿ.

ಜಡೆಪ್ಪ ಸೋಲುವವನಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, ಬೆರಳೆತ್ತಿ ಕೊನೆಯ ಪ್ರಶ್ನೆ ಎಸೆದ.

ಜಡೆಪ್ಪ: ಆತು. ಕಂಪ್ಲಿ ಕಡೆ ಮುಖ ಹಾಕಿದ್ರ ನನ್ನ ಹೆಸರು ಹಂಪಮ್ಮನ ಅಲ್ಲ ಅಂತ ನಡುಬೀದ್ಯಾಗ ನಿಂತು ಹೇಳಿದ್ದಿ. ಈಗ ಹೇಳು ಮತ್ತ. ವಾಟ್ ಈಸ್ ಯುವರ್ ನೇಮ್?

ಹಂಪಮ್ಮ ಸೆರಗು ಸರಿಮಾಡಿಕೊಂಡು, ಗಂಡನ ತಟ್ಟೆಗೆ ಮತ್ತೊಂದು ಹೋಳು ಉಪ್ಪಿನಕಾಯಿ ಹಾಕಿದಳು.

ಹಂಪಮ್ಮ: ಮೈ ನೇಮ್ ಈಸ್ ರಾಬರ್ಟ್, ಮಿಸ್ಟರ್ ಜಡೆಪ್ಪ. ಐ ಯಾಮ್ ಫ್ರಮ್ ಲಂಡನ್.