ಊರಿನಿಂದ ಬೇರೆಯಾದ ಮಾಮಾ

ನಮ್ಮ ಮಾಮಾ ಪಾಲಿಗಾಗಿ ಕೋರ್ಟಿಗೆ ಹೋದ ಎಂದರೆ ನೀವು ಯಾರೂ ಹುಬ್ಬೇರಿಸುವುದಿಲ್ಲ, ಗೊತ್ತು. ಅವನು ಕೇಳಿದ್ದು ಹೊಲದಲ್ಲಿ ಪಾಲಲ್ಲ, ಮನೆಯಲ್ಲಿ ಪಾಲಲ್ಲ. ಊರಿನಲ್ಲಿ ಪಾಲು!

ವಾದ ಬಹಳ ಸರಳ. ಕಮಲಾಪುರ ಒಂದು ಕೂಡುಕುಟುಂಬ. ಪಂಚಾಯಿತಿಯ ಅಧಿಕಾರಿ ಆ ಮನೆಯ ಹಿರಿಯಣ್ಣ, ತೆರಿಗೆ ಕಟ್ಟುವ ಮಾಮಾ ತಮ್ಮ. ತಮ್ಮನಿಗೆ ಒಟ್ಟಿಗಿರಲು ಇಷ್ಟವಿಲ್ಲ. ಊರಿನ ದುಡ್ಡಿನಲ್ಲಿ ಅವನ ಭಾಗ ಬೇರೆ ಮಾಡಿಕೊಡಬೇಕು.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಅದೇ ಮಾಮಾನ ಮನೆಯ ಗೂಡಿನಲ್ಲಿಟ್ಟು ಬೆಳೆದ ನಾನು ಸುಮ್ಮನಿರುವುದುಂಟೆ?

"ಎಲ್ಲಾರೂ ಹಿಂಗ ಪಾಲು ಕೇಳಿದ್ರ ಊರಾಗ ಏನ್ ಉಳೀತದ ಮಾಮಾ?"

"ಎಲ್ಲಾರೂ ಎಲ್ಲಿ ಕೇಳ್ಯಾರ? ಕೇಳಾಂವ ನಾ ಒಬ್ಬನೇ."

ತೀರ್ಪುಗಾರರಿದ್ದರೆ ಅಂಕ ಅವನಿಗೇ!

ಕಲಬುರಗಿಯ ಶಹಾಬಜಾರದ ವಕೀಲರು ಕೈಮುಗಿದರು. "ಈ ಕೇಸು ನಿಲ್ಲಂಗಿಲ್ರೀ ಯಜಮಾನ್ರ."

"ನಿಲ್ಲದಿದ್ರ ಕೂಡಿಸ್ರಿ. ಫೀಸು ಮತ್ತ್ಯಾಕ?"

ಮನೆ ಒಡೆಯುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ನಮ್ಮ ಕಡೆಯ ಪದ್ಧತಿ. ಹಾಗಾಗಿ ಮಾಮಾ ಆರಿಸಲು ಹೊರಟ. ಕಸದ ಟ್ರ್ಯಾಕ್ಟರನ್ನು ಸುತ್ತುಹಾಕಿ, ಮೂಗು ಮುಚ್ಚಿಕೊಂಡು ಬಿಟ್ಟ. ನೀರಿನ ಟಾಕಿಯನ್ನು ಕತ್ತೆತ್ತಿ ನೋಡಿ, "ಅಂಗಳದಾಗ ಹಿಡಿಸಂಗಿಲ್ಲ" ಎಂದ. ಕೊನೆಗೆ ಅಧಿಕಾರಿಯ ಕುರ್ಚಿಯಲ್ಲೇ ಕೂತು ನೋಡಿದ. ಅಧಿಕಾರಿ ಬಾಗಿಲಲ್ಲಿ ನಿಂತಿದ್ದರು.

"ಗಾದಿ ಗಟ್ಟಿ ಅದ ಅಣ್ಣಾ, ನೀನೇ ಇಟ್ಕೋ" ಎಂದು ಎದ್ದು ಬಂದ.

ಕಲಬುರಗಿಯ ಕೋರ್ಟಿನಲ್ಲಿ ನ್ಯಾಯಾಧೀಶರು ನಗದೆ ಹೇಳಿದರು, ಊರಿನ ಹಣ ಎಲ್ಲರದು, ಅದನ್ನು ಹಂಚಲು ಕಾನೂನಿಲ್ಲ. ದಾವೆ ವಜಾ. ಆಮೇಲೆ ಕುತೂಹಲ ತಡೆಯದೆ ಕೇಳಿದರು: "ಅಲ್ಲಾ, ಕೊಟ್ಟಿದ್ರ ಏನ್ ತಗೋತಿದ್ರಿ?"

ಹಿಂದಿನ ಬೆಂಚಿನಲ್ಲಿ ನಾನು ತಲೆ ತಗ್ಗಿಸಿದೆ. ಗಡಿಯಾರದ ಗೋಪುರ ಕೇಳುತ್ತಾನೋ, ಸಂತೆಯ ಬಯಲು ಕೇಳುತ್ತಾನೋ!

"ನಮ್ಮ ಓಣಿ ಬೇವಿನ ಗಿಡದ ಬುಡಕ ಒಂದು ಕಲ್ಲಿನ ಬೆಂಚು, ಸಾಹೇಬ್ರ" ಎಂದ ಮಾಮಾ. "ನಮ್ಮಾಕಿ ದಿನಾ ಮುಂಜಾನೆ, ಹಿಂದ ಕುಂತಾಳಲ್ಲ, ಈ ಹುಡುಗೀನ ಕಾಲೇಜಿನ ಬಸ್ಸಿಗೆ ಹತ್ತಸಾಕ ಬರ್ತಾಳ. ಮೊಣಕಾಲು ನೋವು. ಮನ್ಯಾಗ ಇರು ಅಂದ್ರ ಕೇಳಂಗಿಲ್ಲ. ಬಸ್ಸು ಕಣ್ಮರಿ ಆಗೋತನಕ ನಿಂತೇ ಇರ್ತಾಳ."

ತಗ್ಗಿಸಿದ್ದ ತಲೆಯನ್ನು ನಾನು ಮೆಲ್ಲಗೆ ಎತ್ತಿದೆ.

ಕೇಸು ಸೋತಿತು, ಬೆಂಚು ಬಂತು. ಪಂಚಾಯಿತಿಯ ಹಿರಿಯಣ್ಣ ಅಂದು ಕೋರ್ಟಿನಲ್ಲೇ ಇದ್ದರಲ್ಲ, ಅವರೇ ಹಾಕಿಸಿದರು! ಬೆಂಚು ಬಂದ ಮರುದಿನ ಮುಂಜಾನೆ ಅತ್ತೆ ಅದರ ಮೇಲೆ ಕೂತಳು. ಮಾಮಾ ಪಕ್ಕದಲ್ಲಿ ನಿಂತೇ ಇದ್ದ.

"ನೀನೂ ಕೂಡು ಮಾಮಾ, ಜಾಗ ಅದ."

"ಇದು ನಿಮ್ಮತ್ತಿ ಪಾಲು. ನಾ ಹೆಂಗ ಕೂಡ್ಲಿ?"

ಅತ್ತೆ ಸೆರಗು ಎಳೆದುಕೊಂಡು ಒಂದು ಬದಿಗೆ ಸರಿದಳು.

ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ಊರಿನಿಂದ ಬೇರೆಯಾದ ಮನುಷ್ಯ, ಬೆಂಚಿನ ತುದಿಯಲ್ಲಿ, ಬಂದ ನೆಂಟನ ಹಾಗೆ ಕೂತಿದ್ದ.