ಕಮರಿಯಲ್ಲೊಂದು ಹಾಜರಿ

ಹಾಜರಿ ಹಾಕಿಸುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಮುಂಬಯಿಯಲ್ಲಿ ಯಾರೂ ಇಲ್ಲವೆಂಬುದು ಆ ಭಾನುವಾರದವರೆಗೆ ನನ್ನ ದೃಢವಾದ ನಂಬಿಕೆಯಾಗಿತ್ತು. ಫೋರ್ಟಿನಲ್ಲಿರುವ ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ನಾನು ಮಸ್ಟರ್ ಕ್ಲಾರ್ಕು. ದಿನಾ ಬೆಳಿಗ್ಗೆ ನೂರಹದಿನೈದು ಜನ ನನ್ನ ಮೇಜಿನ ಮುಂದೆ ಸಾಲಾಗಿ ನಿಂತು ಸಹಿ ಹಾಕುತ್ತಾರೆ. ಹತ್ತೂಕಾಲು ಹೊಡೆಯಿತೋ, ಕೆಂಪು ಪೆನ್ಸಿಲು! ಒಂದು ಗೆರೆ! ದೊಡ್ಡ ದೊಡ್ಡ ಮೀಸೆಯವರೂ ಆ ಗೆರೆಗೆ ಹೆದರುತ್ತಿದ್ದರು. ಇಷ್ಟು ಜನರನ್ನು ಅಂಕೆಯಲ್ಲಿಟ್ಟವನಿಗೆ ನಾಲ್ಕು ಮಕ್ಕಳು ಯಾವ ಲೆಕ್ಕ?

ಈ ಪ್ರಶ್ನೆಯನ್ನು ನಾನು ಹೆಂಡತಿಯ ಮುಂದೆ ಕೇಳಬಾರದಿತ್ತು.

ಧಾರವಾಡದಲ್ಲಿ ನನ್ನ ಅತ್ತೆಯವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗಬೇಕು, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುತ್ತಾರೆ, ಹದಿನೈದು ದಿನ ಮಗಳು ಹತ್ತಿರವಿರಬೇಕು. ಮಗಳೆಂದರೆ ನನ್ನ ಹೆಂಡತಿ ಸುಮಿತ್ರಾ. ಅವಳು ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಮಕ್ಕಳಿಗೆ ಶಾಲೆ ಇದ್ದುದರಿಂದ ಅವರು ನನ್ನ ಹತ್ತಿರವೇ ಉಳಿಯಬೇಕು. ಊರಿನಿಂದ ಬಂದ ಕಾಗದವನ್ನು ಸುಮಿತ್ರಾ ದಿನಕ್ಕೆರಡು ಸಲ ಓದಿ ಮಡಚಿಡುತ್ತಿದ್ದಳು. ಹೋಗುತ್ತೇನೆ ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

"ನೀ ಹೋಗಿ ಬಾ. ಮಕ್ಕಳನ್ನ ನಾ ನೋಡ್ಕೋತೀನಿ," ಎಂದೆ.

"ನೀವು?" ಎಂದಳು. ಒಂದೇ ಶಬ್ದ!

"ಯಾಕ, ನಾನು ಅಂದ್ರ ಏನು?"

"ಹ್ವಾದ ದೀಪಾವಳಿಗೆ ಶಾಮೂನ ಕ್ಷೌರಕ್ಕಂತ ಕರಕೊಂಡು ಹೋದ್ರಿ. ನಿಮ್ಮ ಕ್ಷೌರ ಮಾಡಿಸಿಕೊಂಡು, ಅವನ್ನ ಅಲ್ಲೇ ಬೆಂಚಿನ ಮ್ಯಾಲೆ ಬಿಟ್ಟು ಬಂದ್ರಿ."

ಹಳೆಯ ಕಡತ ತೆಗೆಯುವುದರಲ್ಲಿ ಹೆಂಗಸರನ್ನು ಯಾರೂ ಸೋಲಿಸಲಾರರು. ನನಗೆ ರೋಷ ಬಂತು. ಬೊರಿವಲಿಯ ಆಚೆ ಕಾಡಿನೊಳಗೆ ದಹಿಸರ್ ಹೊಳೆ ಕರಿಬಂಡೆಗಳನ್ನು ಸೀಳಿಕೊಂಡು ಹರಿಯುವ ಒಂದು ಕಮರಿ ಇದೆ. ಆಫೀಸಿನವರು ಹೋಗಿ ಬಂದು ಅದರ ವರ್ಣನೆ ಮಾಡಿದ್ದರು. ರಾಣಿ ಬಾಗು, ಚೌಪಾಟಿ ಇವೆಲ್ಲ ಸಾಧಾರಣ ತಂದೆಯರಿಗೆ. ನಾನು ನಾಲ್ಕೂ ಮಕ್ಕಳನ್ನು ಕಮರಿಗೆ ಕರೆದೊಯ್ದು ಕೂದಲು ಕೊಂಕದಂತೆ ತಂದೊಪ್ಪಿಸುತ್ತೇನೆ, ಆಮೇಲೆ ಗ್ರಾಂಟ್ ರೋಡಿನ ಚಾಳಿನ ಎರಡು ಖೋಲಿಯಲ್ಲಿ ಹದಿನೈದು ದಿನ ನೋಡಿಕೊಳ್ಳುವುದು ಏನು ಮಹಾ ಎಂದು ಸವಾಲು ಹಾಕಿದೆ.

"ಮನ್ಯಾಗ ನೋಡ್ಕೊಳ್ಳಿಕ್ಕೆ ಬರೂದಿಲ್ಲಂತ ಹೊಳಿಗೆ ಕರಕೊಂಡು ಹೋಗ್ತೀರೇನ್ರೀ?" ಎಂದು ಸುಮಿತ್ರಾ ಹಣೆ ಹಣೆ ಬಡಿದುಕೊಂಡಳು. ಆಮೇಲೆ, "ಆತು. ನಾಲ್ಕೂ ಹೆಂಗ ಹೋಗ್ತಾವೋ ಹಂಗ ಬರಬೇಕು. ಬಂದ್ರ ನಾ ಅವ್ವನ ಕಡೆ ಹೋಗ್ತೀನಿ. ಇಲ್ಲಾಂದ್ರ ಮತ್ತ ಆ ಮಾತು ತೆಗಿಬ್ಯಾಡ್ರಿ," ಎಂದಳು. ಇದನ್ನು ಹೇಳುವಾಗ ಅವಳು ನಗುತ್ತಿರಲಿಲ್ಲ.

ನಾನು ಕೂಡಲೇ ಕಾರ್ಯಪ್ರವೃತ್ತನಾದೆ. ಮೊದಲು ನಿಯಮಾವಳಿ. ಮಕ್ಕಳ ವಯಸ್ಸು ಬೇರೆ ಬೇರೆಯಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ನಿಯಮ ಬೇಕಲ್ಲವೇ? ನಾಲ್ಕು ವರ್ಷದ ಗುಂಡಿ ಸದಾಕಾಲ ಅಕ್ಕನ ಕೈ ಹಿಡಿದಿರತಕ್ಕದ್ದು. ಏಳು ವರ್ಷದ ಶಾಮು ನೀರಿನಿಂದ ಹತ್ತು ಹೆಜ್ಜೆ ದೂರವಿರತಕ್ಕದ್ದು. ಹತ್ತು ವರ್ಷದ ವಸಂತ ಮೊಣಕಾಲಿನವರೆಗೆ ಮಾತ್ರ ನೀರಿಗಿಳಿಯತಕ್ಕದ್ದು. ಹದಿಮೂರರ ಪದ್ಮಾ ಎಲ್ಲರ ಮೇಲೂ ಕಣ್ಣಿಡತಕ್ಕದ್ದು. ನನಗೆ ಮಾತ್ರ ನಿಯಮ ಬರೆದುಕೊಳ್ಳಲಿಲ್ಲ. ನಾನು ಮೇಲಧಿಕಾರಿ!

ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ಮಸ್ಟರು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಹಾಜರಿ ಪುಸ್ತಕಕ್ಕೆ ದಾರದಿಂದ ಪೆನ್ಸಿಲು ಕಟ್ಟಿದೆ. ಅರ್ಧ ಗಂಟೆಗೊಮ್ಮೆ ನಾನು ಸೀಟಿ ಊದುವುದು, ನಾಲ್ವರೂ ಬಂದು ಸಹಿ ಹಾಕುವುದು. ಗುಂಡಿಗೆ ಬರೆಯಲು ಬಾರದು. ಅವಳ ಹೆಬ್ಬೆಟ್ಟಿಗೆಂದು ನೇರಳೆ ಬಣ್ಣದ ಸ್ಟಾಂಪ್ ಪ್ಯಾಡು ತೆಗೆದುಕೊಂಡೆ. ಈ ಪ್ಯಾಡಿನ ಯೋಚನೆ ಹೊಳೆದಾಗ ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ.

ಭಾನುವಾರ ಬೆಳಿಗ್ಗೆ ಮೊದಲ ಹಾಜರಿ ಬೊರಿವಲಿಯ ಲೋಕಲ್ ರೈಲಿನಲ್ಲಿ. ಮೂವರು ಸಹಿ ಹಾಕಿದರು. ಗುಂಡಿ ಹೆಬ್ಬೆಟ್ಟು ಒತ್ತಿದಳು. ಆಟ ಅವಳಿಗೆ ಹಿಡಿಸಿತು. ಮಸ್ಟರಿನ ಮೇಲೆ ಒಂದು, ಕಿಟಕಿಯ ಮೇಲೆ ಎರಡು, ನನ್ನ ಒಗೆದ ಧೋತರದ ಮೇಲೆ ನಾಲ್ಕು. ಪಕ್ಕದಲ್ಲಿ ಬೆಳ್ಳನೆಯ ಬಟ್ಟೆ ತೊಟ್ಟು ತೂಕಡಿಸುತ್ತಿದ್ದ ಶೇಟ್‌ಜಿಯೊಬ್ಬರು ಮಲಾಡಿನಲ್ಲಿ ಎದ್ದಾಗ ಅವರ ತೋಳಿನ ಮೇಲೆ ಆರು! ಅವರು ಇಳಿದು ಹೋಗುವವರೆಗೆ ನಾನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಬೊರಿವಲಿಯಿಂದ ನಡಿಗೆ. ಅರ್ಧ ದಾರಿಯಲ್ಲೇ ಗುಂಡಿ ನನ್ನ ಹೆಗಲೇರಿದಳು. ಶಾಮುವಿಗೆ ಚಪ್ಪಲಿ ಕಚ್ಚಿತು. ವಸಂತನಿಗೆ ಹಸಿವಾಯಿತು. ಪದ್ಮಾಗೆ ಇವರೆಲ್ಲರೂ ಬೇಡವಾದರು. "ಅಪ್ಪಾ, ಇನ್ನೂ ಎಷ್ಟು ದೂರ?" ಎಂಬ ಒಂದೇ ಪ್ರಶ್ನೆಯನ್ನು ನಾಲ್ವರೂ ಸರದಿಯಂತೆ ಕೇಳಿದರು. ದಾರಿ ತಪ್ಪಿ ಒಬ್ಬರ ಸೌತೆಕಾಯಿ ತೋಟಕ್ಕೆ ನುಗ್ಗಿ, ಬೈಗುಳ ತಿಂದು, ಕೊನೆಗೂ ಕಮರಿ ಸೇರಿದಾಗ ಹನ್ನೊಂದಾಗಿತ್ತು. ಎರಡು ಕಡೆಗೂ ಎತ್ತರದ ಕರಿಬಂಡೆ, ನಡುವೆ ಮಳೆಗಾಲದ ನೀರು ಇನ್ನೂ ಬತ್ತದೆ ಮಡುವಿನಿಂದ ಮಡುವಿಗೆ ಧುಮುಕುತ್ತಿತ್ತು. ಮೇಲಿನ ದಾರಿಯ ಮರದಡಿ ಒಬ್ಬ ಮುದುಕಿ ಬುಟ್ಟಿಯಲ್ಲಿ ಸೌತೆಕಾಯಿ ಇಟ್ಟುಕೊಂಡು ಕುಳಿತಿದ್ದಳು.

ನಾನು ಒಂದು ಚಪ್ಪಟೆ ಬಂಡೆಯ ಮೇಲೆ ಕಚೇರಿ ಸ್ಥಾಪಿಸಿದೆ. ಐದೇ ನಿಮಿಷದಲ್ಲಿ ಮೊದಲ ತಕರಾರು. ವಸಂತ ನೀರಿನಲ್ಲಿ ಕತ್ತಿನವರೆಗೆ ಮುಳುಗಿದ್ದ!

"ಲೇ ವಸಂತಾ! ಮೊಣಕಾಲತನಕ ಅಂತ ಹೇಳಿಲ್ಲೇನು?"

"ಮೊಣಕಾಲತನಕನ ಅದ ಅಪ್ಪಾ. ನಾ ಕೂತೀನಿ ಅಷ್ಟ. ಕೂಡಬಾರದಂತ ನಿಯಮದಾಗ ಎಲ್ಲದ?"

ಇಂಥವನನ್ನು ಹೈಕೋರ್ಟಿಗೆ ಕಳಿಸಬೇಕು, ಹೊಳೆಗಲ್ಲ. ತಿದ್ದುಪಡಿ ಬರೆದು ಓದಿ ಹೇಳಿದೆ. ಬುತ್ತಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಎಲ್ಲರೂ ಉಂಡರು. ಊಟವಾದ ಮೇಲೆ ಸೀಟಿ ಊದಿದೆ. ವಸಂತ ಮಸ್ಟರನ್ನು ಒಯ್ದು, ಸಹಿ ಮಾಡಿಸಿ, ತಂದುಕೊಟ್ಟ. ಮೂರು ಸಹಿ, ಒಂದು ಹೆಬ್ಬೆಟ್ಟು. ಸರಿಯಾಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಸೀಟಿ. ಮತ್ತೆ ಮೂರು ಸಹಿ, ಒಂದು ಹೆಬ್ಬೆಟ್ಟು. ಬಂಡೆಗೊರಗಿ ಕಾಲು ಚಾಚಿ, ಆಹಾ, ವ್ಯವಸ್ಥೆ ಅಂದರೆ ಇದು ಎಂದುಕೊಂಡೆ. ಸುಮಿತ್ರಾ ಧಾರವಾಡದ ಗಾಡಿ ಹತ್ತಿದ ಹಾಗೆಯೇ ಆಯಿತು. ಕಣ್ಣು ಎಳೆಯಿತು.

ಊಟದ ನಂತರದ ಮೂರನೆಯ ಹಾಜರಿಯನ್ನು ಅರೆನಿದ್ದೆಯಲ್ಲೇ ಮುಗಿಸಿ, ಇನ್ನಷ್ಟು ಹೊತ್ತು ಮಲಗಿ, ಹೊರಡೋಣವೆಂದು ಎದ್ದು ನೋಡಿದರೆ ಎದುರಿಗೆ ಪದ್ಮಾ, ವಸಂತ, ಗುಂಡಿ. ಮೂರೇ ತಲೆ!

"ಶಾಮು ಎಲ್ಲಿ?"

ನಾನು ಮಸ್ಟರು ತೆರೆದೆ. ಶಾಮುವಿನ ಸಹಿ ಕಣ್ಣಿಗೆ ಹೊಡೆಯುವಂತೆ ಇತ್ತು. "ಇಲ್ಲಿ ಸಹಿ ಅದ ನೋಡು! ಅಂದ್ರ ಅವ ಇಲ್ಲೇ ಇದ್ದಾನ!" ಎಂದು ಗಟ್ಟಿಯಾಗಿ ಹೇಳಿದೆ. ಹೀಗೆ ಹೇಳುತ್ತ ನಾನು ಪುಸ್ತಕದಲ್ಲಿ ಮಗನನ್ನು ಹುಡುಕುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ನಾನೂ ಸಹಿ ನೋಡೇ ಸುಮ್ಮನಾದೆ ಅಪ್ಪಾ," ಎಂದು ಪದ್ಮಾ ಅಳುಮುಖ ಮಾಡಿದಳು.

ವಸಂತ ನೆಲ ನೋಡುತ್ತ, "ಊಟ ಆದಮ್ಯಾಲೆ ಅವನ ಮೂರೂ ಸಹಿ ನಾನ ಹಾಕೀನಿ," ಎಂದ.

"ಏನಂದಿ? ಯಾಕ?"

"ನೀವ ಹೇಳ್ತಿದ್ರಲ್ಲ ಅಪ್ಪಾ. ಲೋಕಲ್ ತಪ್ಪಿದ ದಿನ ನಿಮ್ಮ ಸಹಿ ಆಫೀಸಿನ ಕಾಮತ ಮಾಮಾ ಹಾಕಿಬಿಡ್ತಾರಂತ. ಸ್ನೇಹಿತ ಅಂದ್ರ ಹಂಗ ಇರಬೇಕಂತ."

ನೂರಹದಿನೈದು ಜನರಿಗೆ ಕೆಂಪು ಗೆರೆ ಎಳೆದ ನಾನು ಮಸ್ಟರನ್ನು ಮುಚ್ಚಿ ಅವನ ಕೈಗೇ ಕೊಟ್ಟೆ. ಊಟವಾದಾಗಿನಿಂದ ಶಾಮು ಇರಲಿಲ್ಲ. ಅಂದರೆ ಒಂದೂವರೆ ಗಂಟೆ! ಕೆಳಗೆ ನೀರು ಸದ್ದು ಮಾಡುತ್ತ ಬಂಡೆಗಳ ಸಂದಿಗೆ ನುಗ್ಗುತ್ತಿತ್ತು. ಬೆಳಗಿನಿಂದ ಚೆಂದವಾಗಿ ಕಂಡ ಆ ನೀರು ಆಗ ಕಂಡ ರೀತಿಯನ್ನು ನಾನು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಸುಮಿತ್ರಾ ಅವನಿಗೆ ತಲೆ ಬಾಚಿ, ಬೈತಲೆ ಸರಿಯಾಯಿತೇ ಎಂದು ದೂರ ಹಿಡಿದು ನೋಡಿದ್ದು ಕಣ್ಣಮುಂದೆ ಬಂತು.

"ಶಾಮೂ! ಶಾಮೂ!" ಎಂದು ಕೂಗುತ್ತ ಧೋತರ ಮೇಲೆ ಕಟ್ಟಿ ಬಂಡೆಯಿಂದ ಬಂಡೆಗೆ ಹಾರಿದೆ. ಎರಡನ್ನು ಹಾರಿದೆ. ಮೂರನೆಯದರ ಮೇಲೆ ಪಾಚಿ ಇತ್ತು. ಮುಂದಿನ ಕ್ಷಣ ನಾನು ನೀರಿನಲ್ಲಿದ್ದೆ, ಸೊಂಟದವರೆಗೆ. ಬಲಗಾಲು ಬೂಟಿನ ಸಮೇತ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಹಿಮ್ಮಡಿಯಲ್ಲಿ ಏನೋ ಚಟ್ಟೆಂದಿತು. ನೋವಿಗೆ ದನಿ ಹೊರಡದೆ, ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಊದಿದೆ. ಪ್ರಾಣ ಹೋಗುವ ಹಾಗೆ ಊದಿದೆ!

ಮಕ್ಕಳು ಓಡಿಬಂದರು. ವಸಂತನ ಕೈಯಲ್ಲಿ ಮಸ್ಟರು, ಗುಂಡಿಯ ಕೈಯಲ್ಲಿ ಸ್ಟಾಂಪ್ ಪ್ಯಾಡು. ಗುಂಡಿ ಆಗಲೇ ಹೆಬ್ಬೆಟ್ಟು ಒತ್ತಿಕೊಂಡು ತಯಾರಾಗಿದ್ದಳು.

ಅಷ್ಟರಲ್ಲಿ ಮೇಲಿನಿಂದ ಸೌತೆಕಾಯಿಯ ಮುದುಕಿ ಇಳಿದು ಬಂದಳು. ಅವಳ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ಸೌತೆಕಾಯಿ ಕಚ್ಚುತ್ತ, ಶಾಮು!

"ಎಲ್ಲಿ ಹಾಳಾಗಿ ಹೋಗಿದ್ದ್ಯೋ?" ಎಂದು ನೀರಿನಿಂದಲೇ ಗುಡುಗಿದೆ. ಗುಡುಗಿದೆನೋ ಅತ್ತೆನೋ, ನನಗೇ ಸರಿಯಾಗಿ ತಿಳಿಯದು.

"ನೀರಿಂದ ಹತ್ತು ಹೆಜ್ಜಿ ದೂರ ಅಂದ್ರಲ್ಲ ಅಪ್ಪಾ. ದೂರ ಹೋದ್ರ ಅಲ್ಲಿ ಆಜಿ ಇದ್ಲು. ಇಷ್ಟೊತ್ತೂ ಅಲ್ಲಿಂದ ನಿಮ್ಮನ್ನ ನೋಡ್ತಾ ಇದ್ದೆ. ನೀವು ಗೊರಕಿ ಹೊಡೀತಿದ್ರಿ."

ನಿಯಮ ಪಾಲಿಸಿದವನು ಅವನೊಬ್ಬನೇ. ನಾನು ಮತ್ತೆ ಕಾಲು ಎಳೆಯತೊಡಗಿದೆ. "ಓಢೂ ನಕಾ! ಬೂಟ್ ಕಾಢಾ!" ಎಂದು ಮುದುಕಿ ಬೈದಳು. ಎಳೆಯಬೇಡ, ಬೂಟು ಬಿಚ್ಚು ಎಂದು. ಅಷ್ಟೇ! ಬೂಟಿನ ಲೇಸು ಬಿಚ್ಚಿದರೆ ಕಾಲು ಹೊರಗೆ ಬರುತ್ತದೆಂದು ಮೆಟ್ರಿಕ್ ಪಾಸಾದ ನನಗೆ ಹೊಳೆದಿರಲಿಲ್ಲ. ನನ್ನ ಕೈ ಆ ಸಂದಿಗೆ ಹಿಡಿಸಲಿಲ್ಲ. ಹತ್ತು ಹೆಜ್ಜೆಯ ನಿಯಮವನ್ನು ಅಲ್ಲಿಯೇ ರದ್ದುಪಡಿಸಿದೆ. ಪದ್ಮಾ ಶಾಮುವಿನ ಸೊಂಟ ಹಿಡಿದುಕೊಂಡಿರಲು, ಅವನು ನೀರಿಗೆ ತಲೆ ಮುಳುಗಿಸಿ, ಪುಟ್ಟ ಕೈ ತೂರಿಸಿ ಲೇಸು ಬಿಚ್ಚಿದ. ಕಾಲು ಬಂತು. ಬೂಟು ಅಲ್ಲೇ ಉಳಿಯಿತು. ಈ ಗಲಾಟೆಯಲ್ಲಿ ಮಸ್ಟರು ನೀರಿಗೆ ಬಿದ್ದು ದಹಿಸರ್ ಕಡೆಗೆ ಹೊರಟುಹೋಯಿತು.

ಮುದುಕಿ ಗೊತ್ತುಮಾಡಿಕೊಟ್ಟ ಹುಲ್ಲಿನ ಗಾಡಿಯವರು ಸ್ಟೇಷನ್ನಿನವರೆಗೆ ನನ್ನನ್ನು ಹಾಕಿಕೊಂಡು ಬಂದರು. ದಾರಿಯುದ್ದಕ್ಕೂ ಗುಂಡಿ ನನ್ನ ಕೈ ಬಿಡಲಿಲ್ಲ. "ಹೆದರಬ್ಯಾಡ ಅಪ್ಪಾ," ಎಂದು ಆಗಾಗ ಹೇಳುತ್ತಿದ್ದಳು.

ಚಾಳಿನ ಮೆಟ್ಟಿಲನ್ನು ಒಂದು ಕಡೆ ಪದ್ಮಾ, ಇನ್ನೊಂದು ಕಡೆ ವಸಂತ ಹಿಡಿದು ಹತ್ತಿಸಿದರು. ಬಾಗಿಲಲ್ಲಿ ಸುಮಿತ್ರಾ. ಕುಂಬಳಕಾಯಿಯಷ್ಟು ಊದಿದ ಕಾಲನ್ನು ಹಿಂದೆ ಮರೆಮಾಡಿ, "ಎಣಿಸ್ಕೋ. ನಾಲ್ಕೂ ಹೆಂಗ ಹೋಗಿದ್ವೋ ಹಂಗ ಬಂದಾವ," ಎಂದೆ. ಅವಳು ಎಣಿಸಿದಳು. ಆಮೇಲೆ ನನ್ನನ್ನು ನೋಡಿದಳು. ಕೂಡಲೇ ಡಾಕ್ಟರಿಗೆ ಹೇಳಿ ಕಳಿಸಿದಳು.

ಎಲುಬು ಮುರಿದಿಲ್ಲ, ಆದರೆ ಮೂರು ವಾರ ಕಾಲು ನೆಲಕ್ಕೆ ಊರಕೂಡದು ಎಂದು ಡಾಕ್ಟರು ದಪ್ಪನೆಯ ಪಟ್ಟಿ ಕಟ್ಟಿ ಹೋದರು. ನಾಲ್ಕು ಮಕ್ಕಳ ಜೊತೆಗೆ ಈಗ ನಾನೊಬ್ಬ ಐದನೆಯವನು. ಇನ್ನು ಇವಳು ತಾಯಿಯ ಹತ್ತಿರ ಹೋದಂತೆಯೇ! ಕಾಲಿನ ನೋವಿಗಿಂತ ಆ ನೋವೇ ಹೆಚ್ಚಾಗಿ, "ನನ್ನಿಂದ ನಿನ್ನ ಹೋಗೂದು ತಪ್ಪಿತಲ್ಲ, ಸುಮಿತ್ರಾ," ಎಂದೆ.

"ತಪ್ಪೂದ್ಯಾಕ?" ಎಂದು ಅವಳು ಟ್ರಂಕು ಎಳೆದು ಸೀರೆ ಮಡಚಿಡತೊಡಗಿದಳು. "ಈಗ ನೋಡ್ರಿ ನನಗ ಧೈರ್ಯ ಬಂತು. ಊಟ ಕೆಳಗಿನ ಉಡುಪಿಯವರ ಹೋಟೆಲಿಂದ ಬರ್ತದ. ಪದ್ಮಾ ಮನಿ ನೋಡ್ಕೋತಾಳ. ನೀವಂತೂ ಮೂರು ವಾರ ಮಂಚ ಬಿಟ್ಟು ಏಳಂಗಿಲ್ಲ, ಮಕ್ಕಳನ್ನ ಎಲ್ಲಿಗೂ ಕರಕೊಂಡು ಹೋಗಂಗಿಲ್ಲ. ಇನ್ನೇನು ಹೆದರಿಕಿ?"

ಎರಡು ದಿನಕ್ಕೆ ಅವಳು ಊರಿಗೆ ಹೊರಟಳು. ನಾನು ಮಂಚದಿಂದಲೇ ಕೈ ಬೀಸಿದೆ. ಆ ಹದಿನೈದು ದಿನಗಳಲ್ಲಿ ಒಂದು ಮಗುವಿಗೂ ಒಂದು ತರಚುಗಾಯ ಕೂಡ ಆಗಲಿಲ್ಲವೆಂದು ಹೆಮ್ಮೆಯಿಂದ ತಿಳಿಸುತ್ತೇನೆ.

ಮುಂದೆ ಧಾರವಾಡದಿಂದ ಕಾಗದ ಬಂತು. ಪಟ್ಟಿ ಬಿಚ್ಚಿದ್ದಾರೆ, ಅವ್ವನಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದೆ ಎಂದು ಸುಮಿತ್ರಾ ಬರೆದಿದ್ದಳು. ಕೆಳಗೆ ಅತ್ತೆಯವರು ನನಗೂ ಎರಡು ಸಾಲು ಬರೆಸಿದ್ದರು: "ಅಳಿಯಂದಿರಿಗೆ ಆಶೀರ್ವಾದ. ಎದ್ದು ಓಡಾಡಲು ಅವಸರ ಮಾಡಬೇಡಿರಿ. ಮಗಳು ಇನ್ನೊಂದು ವಾರ ನನ್ನ ಹತ್ತಿರ ಇರಲಿ ಎಂದು ಆಸೆ."