ಮೊದಲು ಒಪ್ಪು, ಆಮೇಲೆ ತಪ್ಪು

ಹದಿನಾರು ಹದಿನೇಳು ವಯಸ್ಸಿನ ಮಕ್ಕಳನ್ನು ತಿದ್ದಲು ಕೂತವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಕೆಲವು ವರ್ಷ, ತಮಿಳುನಾಡಿನ ಗಡಿಯ ಹೊಸೂರಿನ ನಮ್ಮ ಮಹಿಳಾ ಸಂಘದವರು ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಕೂತಿದ್ದ ಮಕ್ಕಳಿಗೆ ತರಕಾರಿ ಸಸಿಗಳ ನರ್ಸರಿಯೊಂದರಲ್ಲಿ ಕೆಲಸ ಕಲಿಸುತ್ತಿದ್ದೆವು. ಪ್ರತಿ ಶನಿವಾರ ಸಂಜೆ ಒಬ್ಬೊಬ್ಬರನ್ನೇ ಕರೆದು, ವಾರದ ಕೆಲಸದಲ್ಲಿ ಒಂದು ಒಪ್ಪು, ಒಂದು ತಪ್ಪು ಹೇಳಿ, ತಿದ್ದಿಕೊಳ್ಳುವ ದಾರಿ ತೋರಿಸುವುದು ನನ್ನ ಪಾಲಿನ ಕೆಲಸ. ನಾನು ನಮ್ಮ ಕಾಲದಲ್ಲೇ ಬಿ.ಎಸ್‌ಸಿ. ಮಾಡಿದವಳು. ನಾಲ್ಕು ಮಕ್ಕಳನ್ನೂ ಮೂವರು ಸೊಸೆಯರನ್ನೂ ಸುಧಾರಿಸಿದವಳು. ಯಾರು ಏನು ಮಾಡಿದರು ಎಂಬುದನ್ನು ಅಂದಂದೇ ಬರೆದಿಡುವ ಅಭ್ಯಾಸ ಬೇರೆ. ಇದು ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಆ ಮಕ್ಕಳಲ್ಲಿ ನಾಟ್ರಾಂಪಾಳ್ಯದ ಹುಡುಗಿಯೊಬ್ಬಳಿದ್ದಳು. ಕೆಲಮಂಗಲದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು. ತರಬೇತಿ ಪೂರ್ತಿ ಮುಗಿಸಿದರೆ ಅವಳಿಗೆ ನರ್ಸರಿಯಲ್ಲೇ ಕೆಲಸ, ಜೊತೆಗೆ ಮುಂದಿನ ಓದು. ಆದರೆ ಒಂದೇ ಒಂದು ದೂರು ಕಿವಿಗೆ ಬಿದ್ದರೂ ಬಂದು ಕರೆದುಕೊಂಡು ಹೋಗುತ್ತೇನೆಂದು ಅವಳ ಅಪ್ಪ ಹೇಳಿಯೇ ಕಳಿಸಿದ್ದರಂತೆ. ಹೀಗಾಗಿ ಅವಳ ತಪ್ಪು ಹೇಳುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು.

ಅಂಚೆಟ್ಟಿ ಬಸ್ಸು

ಮೊದಲ ಶನಿವಾರ ಅಂಚೆಟ್ಟಿಯ ಹುಡುಗನನ್ನು ಕರೆದೆ. ಸಸಿ ಟ್ರೇಗಳಿಗೆ ತೆಂಗಿನ ನಾರಿನ ಪುಡಿಯನ್ನು ಒಂದು ಗುಳಿಯೂ ಬಿಡದೆ ಸಮವಾಗಿ ತುಂಬಿದ್ದ. ಅದನ್ನು ಹೊಗಳಿದೆ. ಅವನು ರಸ್ತೆ ಕಡೆ ನೋಡುತ್ತಿದ್ದ. ಪಾಪ, ನಾಚಿಕೊಂಡ ಎಂದು ಇನ್ನಷ್ಟು ಹೊಗಳಿದೆ. ಕಾಲು ಬದಲಿಸಿ ನಿಂತ. ಹೊಗಳಿಕೆಗೆ ಹಿಗ್ಗದ ಮಗು ಎಂಥ ವಿನಯವಂತ ಎಂದು ಬೆರಗಾಗಿ ಮೂರನೇ ಸಲ ಶುರುಮಾಡಿದಾಗ ಅವನು ಮೆಲ್ಲಗೆ ಹೇಳಿದ:

"ಅಮ್ಮಾ, 'ಆದರೆ' ಅನ್ನೋ ಕಡೆಯಿಂದ ಸುರು ಮಾಡ್ಬುಡಿ. ಬಸ್ಸು ಹೊಂಟೋಯ್ತದೆ."

ಪೈಪಿನ ಜಗಳ

ನೀರಿನ ಪೈಪಿಗಾಗಿ ಇಬ್ಬರು ಹುಡುಗರು ಕೈ ಕೈ ಮಿಲಾಯಿಸಿದರು. ಬಿಡಿಸಿ, ನಮ್ಮ ಶನಿವಾರದ ಕ್ರಮ ನೆನಪಿಸಿದೆ. ಎದುರಿನವನ ತಪ್ಪು ಹೇಳಬೇಕಾದರೆ ಮೊದಲು ಅವನದೊಂದು ಒಪ್ಪು ಹೇಳಬೇಕು. ಅಲ್ಲಿಯವರೆಗೆ ಬಾಯಿ ತೆರೆಯುವಂತಿಲ್ಲ.

ದೊಡ್ಡವನು ಯೋಚಿಸಿದ. ಆಕಾಶ ನೋಡಿದ, ನೆಲ ನೋಡಿದ, ಟೊಮೆಟೊ ಸಸಿಗಳನ್ನೂ ನೋಡಿದ. ಬಿಸಿಲಿಗೆ ಇಬ್ಬರ ಸಿಟ್ಟೂ ಇಳಿಯುತ್ತ ಬಂತು. ಈ ಕ್ರಮದ ಶಕ್ತಿಗೆ ನಾನೇ ಮನಸ್ಸಿನಲ್ಲಿ ಕೈ ಮುಗಿಯುತ್ತಿದ್ದೆ. ಕೊನೆಗೆ ಅವನ ಮುಖ ಅರಳಿತು.

"ಸಿಕ್ತು ಅಮ್ಮಾ. ಇವನು ನೆನ್ನೆ ರಜಾ ಹಾಕಿದ್ದ. ಅದೊಂದು ಬೋ ಒಳ್ಳೇದಾಯ್ತು."

ಕೆನ್ನೆಯ ಬೊಟ್ಟು

ನಾಟ್ರಾಂಪಾಳ್ಯದ ಹುಡುಗಿಯನ್ನು ಒಂದು ಶನಿವಾರ ಎಲ್ಲರೆದುರು ಹೊಗಳಿದೆ. ಮರುದಿನವೇ ಅವಳಿಗೆ ಜ್ವರ. ಸೋಮವಾರ ಅವಳ ಚಿಕ್ಕಮ್ಮ ಉಪ್ಪು, ಒಣ ಮೆಣಸಿನಕಾಯಿ, ಕೆಂಡದ ಸಮೇತ ನರ್ಸರಿಗೇ ಬಂದರು. ನಾಲ್ಕು ಜನರ ಮುಂದೆ ಹೊಗಳಿದರೆ ಕಣ್ಣು ಬೀಳದೆ ಇರುತ್ತದೆಯೇ ಎಂದು ನನ್ನನ್ನೇ ಕೇಳಿದರು. ಜ್ವರ ಹೇಗೆ ಬರುತ್ತದೆಂದು ವಿಜ್ಞಾನ ಓದಿದವಳು ವಿವರಿಸಲು ಬಾಯಿ ತೆರೆದೆ. ಮೆಣಸಿನಕಾಯಿ ಘಾಟು ಒಳಗೆ ಹೋಯಿತು, ವಿವರಣೆ ಹೊರಗೆ ಬರಲಿಲ್ಲ.

ಉಪಾಯ ಕಂಡುಹಿಡಿದವಳು ಹುಡುಗಿಯೇ. ಯಾರಿಗೆ ಹೊಗಳಿಕೆ ಬಂತೋ ಅವರ ಕೆನ್ನೆಗೆ ತಕ್ಷಣ ಒದ್ದೆ ಮಣ್ಣಿನ ಬೊಟ್ಟಿಡುವುದು. ಚಿಕ್ಕಮ್ಮನೂ ಒಪ್ಪಿದರು, ನನ್ನ ಕೆಲಸವೂ ನಿಲ್ಲಲಿಲ್ಲ.

ಒಂದು ಶನಿವಾರ ಕೃಷ್ಣಗಿರಿಯಿಂದ ಅಧಿಕಾರಿಯೊಬ್ಬರು ನೋಡಲು ಬಂದರು. ಸಾಲಾಗಿ ನಿಂತ ಮಕ್ಕಳೆಲ್ಲರ ಕೆನ್ನೆಯಲ್ಲೂ ಮಣ್ಣು. ಒಬ್ಬ ಹುಡುಗನ ಮುಖ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆ ವಾರ ಅವನು ನೀರು ಬಿಟ್ಟು ಮರೆತು ಕೋಸಿನ ಸಸಿಗಳನ್ನೆಲ್ಲ ತೇಲಿಸಿದ್ದ. ಎಷ್ಟು ತಡಕಾಡಿದರೂ ನನಗೆ ಅವನಲ್ಲಿ ಒಪ್ಪು ಸಿಕ್ಕಿರಲಿಲ್ಲ. ಅಧಿಕಾರಿ ಅವನ ಬೆನ್ನು ತಟ್ಟಿ, ಇರುವುದರಲ್ಲಿ ಇವನೊಬ್ಬನೇ ಶುದ್ಧ, ಉಳಿದವರು ಇವನನ್ನು ನೋಡಿ ಕಲಿಯಬೇಕು ಎಂದು ತಮಿಳಿನಲ್ಲಿ ಎಲ್ಲರಿಗೂ ಹೇಳಿದರು. ಮಾತು ಮುಗಿಯುವ ಮೊದಲೇ ನಮ್ಮ ಹುಡುಗಿ ಓಡಿ ಬಂದು ಅವನ ಕೆನ್ನೆಗೆ ಮಣ್ಣು ಬಳಿದಳು.

ಆ ಬೊಟ್ಟನ್ನು ಅವನು ಸೋಮವಾರದವರೆಗೂ ತೊಳೆಯಲಿಲ್ಲ.

ನಾಟ್ರಾಂಪಾಳ್ಯದ ಅಪ್ಪ

ಆಗ ಅಂಗಡಿಗಳಲ್ಲಿ ಒಂದು ರೂಪಾಯಿ ಹಾಕುವ ಫೋನು ಬಂದಿತ್ತು. ಆದರೂ ನಾಟ್ರಾಂಪಾಳ್ಯಕ್ಕೆ ಸುದ್ದಿ ಬಸ್ಸಿನಲ್ಲೇ ಹೋಗುತ್ತಿತ್ತು. ಹೊಸೂರಮ್ಮ ನಿನ್ನ ಮಗಳನ್ನು ವಾರವಾರ ಎದುರಿಗೆ ನಿಲ್ಲಿಸಿಕೊಂಡು ತಪ್ಪು ಎತ್ತಿ ಆಡುತ್ತಾಳೆ ಎಂದು ಬಸ್ಸಿಳಿದ ಯಾರೋ ಹೇಳಿದರಂತೆ. ಮರುದಿನ ಆ ಅಪ್ಪ ನರ್ಸರಿ ಗೇಟಿನಲ್ಲಿ ನಿಂತಿದ್ದರು. ಕಾಲಿಗೆಲ್ಲ ಕೆಮ್ಮಣ್ಣು.

ಬೈಗುಳವಲ್ಲ ಅದು, ಬೆಳೆಸುವ ರೀತಿ ಎಂದು ನಾನು ಓದಿದ್ದನ್ನೆಲ್ಲ ಉಪಯೋಗಿಸಿ ತಿಳಿಸಿ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು, ಮಗಳ ಕಡೆ ತಿರುಗಿ ಬ್ಯಾಗು ತೆಗೆದುಕೊಂಡು ಬಾ ಎಂದರು. ಅವಳು ತಂದಳು. ಮುಗಿಯಿತು, ಎಷ್ಟು ಚೆನ್ನಾಗಿ ಕಲಿಯುತ್ತಿದ್ದ ಹುಡುಗಿ, ಹೋದಳು ಎಂದುಕೊಂಡೆ.

ಅವಳು ಬ್ಯಾಗನ್ನು ಅಪ್ಪನ ಕಾಲ ಬಳಿ ಇಟ್ಟು, ಪಕ್ಕದಲ್ಲಿದ್ದ ಕ್ರೇಟನ್ನು ಮಗುಚಿ ಹಾಕಿದಳು.

"ಕೂತ್ಕಳಪ್ಪಾ. ಈ ಅಮ್ಮ ನಂಗೆ ಹೆಂಗೆ ಹೇಳ್ತಾರೋ ಹಂಗೇ ನಿಂಗೆ ಹೇಳಿ ತೋರಿಸ್ತೀನಿ. ಆಮೇಲೆ ಕರ್ಕಂಡೋಗು."

ಏನನ್ನಿಸಿತೋ, ಅವರು ಕೂತರು. ಟ್ರೇ ತುಂಬುತ್ತಿದ್ದ ಮಕ್ಕಳ ಕೈ ನಿಂತಿತು.

"ಮೊದ್ಲು ಒಪ್ಪು. ನನ್ನ ಯಾರೋ ಏನೋ ಅಂದ್ರು ಅಂತ ಕೇಳಿದ್ದೇ ತಡ, ಬಸ್ಸಿಗೂ ಕಾಯದೆ ಅಂಚೆಟ್ಟಿ ಗಂಟ ನಡ್ಕಂಡ್ ಬಂದಿದೀಯ. ಇಂಥ ಅಪ್ಪ ಇಲ್ಲಿ ಯಾರಿಗೂ ಇಲ್ಲ. ಈಗ ತಪ್ಪು. ಬಸ್ಸಿಳಿದೋರ ಮಾತು ಕೇಳ್ದೆ, ನನ್ನ ಕೇಳ್ಲಿಲ್ಲ. ಇನ್ಮೇಲೆ ಏನಾದ್ರೂ ಕಿವಿಗೆ ಬಿದ್ರೆ ಮೊದ್ಲು ನನ್ನ ಕೇಳು."

ದನಿ ಏರಲಿಲ್ಲ, ತಲೆ ತಗ್ಗಲಿಲ್ಲ. ಅಷ್ಟು ಶನಿವಾರ ನಾನು ಅಷ್ಟು ಮಕ್ಕಳಿಗೆ ಹೇಳಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಒಂದು ಸಲವೂ ನನಗೆ ಹೇಳಲು ಬಂದಿಲ್ಲ.

ಅವರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಇಷ್ಟೇನಾ ಎಂದು ನನ್ನನ್ನು ಕೇಳಿದರು. ಇಷ್ಟೇ ಎಂದೆ. ಬ್ಯಾಗನ್ನು ಎತ್ತಿ ಮಗಳ ಕೈಗೆ ಕೊಟ್ಟು, ಒಳಗಿಟ್ಟು ಬಾ ಎಂದರು. ಅವಳು ಬಂದ ಮೇಲೂ ಏಳಲಿಲ್ಲ.

"ಆ ಮೊದಲ್ನೇದ್ನ ಇನ್ನೊಂದ್ ಸಲ ಹೇಳವ್ವ. ಊರಿಗೋಗಿ ನಿಮ್ಮವ್ವಂಗೆ ಹಂಗಂಗೇ ಹೇಳ್ಬೇಕು."

ಅವಳು ಹೇಳಿದಳು. ಎರಡನೆಯದನ್ನೂ ಹೇಳಲೇ ಎಂದು ಕೇಳಿದಳು.

"ಅದು ಬ್ಯಾಡ ಬುಡು. ಅದನ್ನ ನಿಮ್ಮವ್ವನೇ ದಿನಾ ಹೇಳ್ತಾಳೆ."